ಗಾಡಿ ಚಾರ್ಜ್ ಆಗ್ತಿಲ್ವಾ? ದೋಷ ಗೋಡೆಯಲ್ಲೋ, ಚಾರ್ಜರಿನಲ್ಲೋ, ಗಾಡಿಯೊಳಗೋ

ಬೇಲೂರಿನಲ್ಲಿ ನನ್ನದೊಂದು ಚಿಕ್ಕ ಅಂಗಡಿ. ಮನೆ ವೈರಿಂಗ್, ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ನನ್ನ ಕೆಲಸ. ಮೂರ್ನಾಲ್ಕು ವರ್ಷದಿಂದ ಹೊಸ ಥರದ ಫೋನ್‌ಗಳು ಬರುತ್ತಿವೆ. "ಅಣ್ಣ, ಸ್ಕೂಟರ್ ಚಾರ್ಜ್ ಆಗ್ತಿಲ್ಲ, ಸ್ವಲ್ಪ ಬಂದು ನೋಡ್ತೀರಾ?" ಸರ್ವಿಸ್ ಸೆಂಟರ್‌ಗೆ ಹೋಗಬೇಕೆಂದರೆ ಹಾಸನ 40 ಕಿಲೋಮೀಟರ್, ಚಿಕ್ಕಮಗಳೂರು 25. ಕೆಲವು ಕಂಪನಿಯ ಕಾರುಗಳಿಗಾದರೆ ಬೆಂಗಳೂರೋ ಮಂಗಳೂರೋ ಆಗಬೇಕು. ಹಾಗಾಗಿ ಜನ ಮೊದಲು ಊರಿನ ಎಲೆಕ್ಟ್ರಿಷಿಯನ್‌ನನ್ನೇ ಕರೆಯುತ್ತಾರೆ.

ಇಂಥ ಕಡೆ ಹೋದಾಗ ನಾನು ಮಾಡುವುದು ಒಂದೇ ಕೆಲಸ. ದೋಷ ಗೋಡೆಯ ಕಡೆ ಇದೆಯಾ, ಚಾರ್ಜರಿನಲ್ಲಿದೆಯಾ, ಗಾಡಿಯೊಳಗಿದೆಯಾ ಅಂತ ಬೇರ್ಪಡಿಸುವುದು. ಗೋಡೆಯ ಕಡೆ ಇದ್ದರೆ ನಾನೇ ಸರಿ ಮಾಡುತ್ತೇನೆ. ಗಾಡಿಯೊಳಗಿದ್ದರೆ ಮುಟ್ಟುವುದಿಲ್ಲ, ಆದರೆ ಏನೇನು ನೋಡಿದೆ ಅಂತ ಒಂದು ಹಾಳೆಯಲ್ಲಿ ಬರೆದುಕೊಡುತ್ತೇನೆ. ಆ ಹಾಳೆ ಇದ್ದರೆ ಶೋರೂಮಿನಲ್ಲಿ "ನಿಮ್ಮ ಮನೆ ಕರೆಂಟ್ ಸರಿ ಇಲ್ಲ" ಅಂತ ಸುಮ್ನೆ ವಾಪಸ್ ಕಳಿಸುವುದು ಕಷ್ಟ. ಇದನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ. ಮನೆಯಲ್ಲಿ ಒಂದು ಮಲ್ಟಿಮೀಟರ್ ಇದ್ದು, ಅದನ್ನು ಹಿಡಿಯಲು ಬರುವವರು ಯಾರಾದರೂ ಇದ್ದರೆ ಇದರಲ್ಲಿ ಹೆಚ್ಚಿನದನ್ನು ನೀವೇ ನೋಡಿಕೊಳ್ಳಬಹುದು.

ಮುಟ್ಟಬಾರದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಕಾರಿನಲ್ಲಿ ಕಿತ್ತಳೆ ಬಣ್ಣದ ಕೇಬಲ್ ಎಲ್ಲಿ ಕಂಡರೂ ಕೈ ಹಾಕಬೇಡಿ. ಅದು ದೊಡ್ಡ ಬ್ಯಾಟರಿಯ ಲೈನ್. ಕೆಲವು ಕಾರಿನಲ್ಲಿ 400 ವೋಲ್ಟ್ ಆಸುಪಾಸು, ಕೆಲವದರಲ್ಲಿ 800ರ ವರ್ಗ, ಅದೂ ಡಿಸಿ. ನಾನು ಇಪ್ಪತ್ತು ವರ್ಷದಿಂದ ತ್ರೀ ಫೇಸ್ ಲೈನ್ ಮೇಲೆ ಕೆಲಸ ಮಾಡಿದವನು, ನಾನೂ ಅದನ್ನು ಮುಟ್ಟುವುದಿಲ್ಲ. ಸ್ಕೂಟರಿನ ಬ್ಯಾಟರಿ ಪೆಟ್ಟಿಗೆಯನ್ನೂ, ಚಾರ್ಜರಿನ ಡಬ್ಬಿಯನ್ನೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಚಾರ್ಜರಿನ ಒಳಗಿನ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ. ಇನ್ನೊಂದು ಮಾತು. ಬ್ಯಾಟರಿ ಕಡೆಯಿಂದ ಸುಟ್ಟ ವಾಸನೆ, ಹೊಗೆ, ಸುಯ್ ಅನ್ನುವ ಸದ್ದು ಏನೇ ಬಂದರೂ ಪರೀಕ್ಷೆ ಮಾಡುತ್ತಾ ನಿಲ್ಲಬೇಡಿ. ಕೈಗೆ ಸುಲಭವಾಗಿ ಸಿಕ್ಕಿದರೆ ಮೇನ್ ಸ್ವಿಚ್ ಆರಿಸಿ. ಮನೆಯವರನ್ನೆಲ್ಲ ಹೊರಗೆ ಕರೆದುಕೊಂಡು ಹೋಗಿ, 112ಕ್ಕೆ ಫೋನ್ ಮಾಡಿ.

ಹಾಗೆಯೇ ಎರಡು ಸಣ್ಣ ವಿಷಯ ನೋಡಿಬಿಡಿ. ಆ್ಯಪ್‌ನಲ್ಲಿ ಯಾರಾದರೂ ಚಾರ್ಜಿಂಗ್ ಟೈಮ್ ಹಾಕಿಟ್ಟಿದ್ದಾರಾ? ಚಾರ್ಜ್ ಲಿಮಿಟ್ 80ಕ್ಕೆ ಇದೆಯಾ? ಮಕ್ಕಳು ಮೊಬೈಲ್ ಹಿಡಿದು ಏನೋ ಒತ್ತಿರುತ್ತಾರೆ. ಗಾಡಿ ಹೇಳಿದಂತೆ ನಡೆದುಕೊಳ್ಳುತ್ತಿರುತ್ತದೆ, ನಾವು ಕೆಟ್ಟಿದೆ ಅಂದುಕೊಂಡಿರುತ್ತೇವೆ.

ಗೋಡೆಯ ಕಡೆ

ಮಲೆನಾಡಿನ ಕಡೆ ಗಾಡಿ ಚಾರ್ಜ್ ಆಗ್ತಿಲ್ಲ ಅಂತ ಕರೆದವರ ಮನೆಗಳಲ್ಲಿ ನಾನು ಕಂಡ ದೋಷ ಜಾಸ್ತಿ ಇರುವುದು ಇಲ್ಲೇ. ಅದಕ್ಕೆ ಇದನ್ನು ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಅರೇಹಳ್ಳಿ ಕಡೆಯ ಬೆಳೆಗಾರರೊಬ್ಬರ ಮನೆ. ಹೊಸ ಕಾರು. ಚಾರ್ಜಿಗೆ ಹಾಕಿದರೆ ಅರ್ಧ ಗಂಟೆ ಚೆನ್ನಾಗಿ ಹೋಗುತ್ತದೆ, ಆಮೇಲೆ ನಿಲ್ಲುತ್ತದೆ. ಒಂದು ಹೊತ್ತು ಬಿಟ್ಟು ಹಾಕಿದರೆ ಮತ್ತೆ ಅರ್ಧ ಗಂಟೆ. ಅವರು ಕಾರಿನದೇ ದೋಷ ಅಂತ ತೀರ್ಮಾನ ಮಾಡಿಯಾಗಿತ್ತು. ನಾನು ಹೋದ ತಕ್ಷಣ ಪ್ಲಗ್ ಕಿತ್ತು ಅಂಗೈಯಲ್ಲಿ ಹಿಡಿದೆ. ಹಿಡಿಯಲು ಆಗದಷ್ಟು ಬಿಸಿ. ಸಾಕೆಟ್ಟಿನ ಬಲಗಣ್ಣಿನ ಸುತ್ತ ಟೀ ಚೆಲ್ಲಿದ ಕಲೆಯಂತೆ ಕಂದು ಬಣ್ಣ. ಪ್ಲಗ್ಗಿನ ಫೇಸ್ ಪಿನ್ನಿನ ಹೊಳಪು ಹೋಗಿ ಮೇಲೆಲ್ಲ ಕಪ್ಪು ಚುಕ್ಕೆ. ಸಾಕೆಟ್ ಒಳಗಿನ ಹಿತ್ತಾಳೆ ಹಿಡಿ ಸಡಿಲವಾಗಿತ್ತು. ಅದೇ ಸಾಕೆಟ್ಟಿಗೆ ಹತ್ತು ವರ್ಷದಿಂದ ಗ್ರೈಂಡರ್, ಇಸ್ತ್ರಿ ಪೆಟ್ಟಿಗೆ, ಎಲ್ಲ ಹಾಕಿ ತೆಗೆದು ಮಾಡಿದ್ದರು.

ಲೆಕ್ಕ ನೋಡಿ. ಕಾರಿನ ಜೊತೆ ಬರುವ ಪೋರ್ಟಬಲ್ ಚಾರ್ಜರ್ 3 ಕಿಲೋವ್ಯಾಟ್ ಎಳೆದರೆ ಸುಮಾರು 13 ಆಂಪ್ಸ್. ಸಡಿಲ ಜಾಗದಲ್ಲಿ ಬರೀ 0.1 ಓಮ್ ತಡೆ ಇದ್ದರೂ ಅಲ್ಲೇ 17 ವ್ಯಾಟ್ ಬಿಸಿ ಹುಟ್ಟುತ್ತದೆ. ನನ್ನ ಅಂಗಡಿಯ ಚಿಕ್ಕ ಸೋಲ್ಡರಿಂಗ್ ಐರನ್ 25 ವ್ಯಾಟ್‌ದು. ಹೆಚ್ಚುಕಮ್ಮಿ ಅಂಥದ್ದೊಂದನ್ನು ಪ್ಲಾಸ್ಟಿಕ್ ಸಾಕೆಟ್ ಒಳಗೆ ರಾತ್ರಿಯೆಲ್ಲ ಉರಿಸಿದ ಹಾಗೆ. ಗೀಸರ್ ಕೂಡ ಇಷ್ಟೇ ಎಳೆಯುತ್ತದೆ, ಆದರೆ ಅದು ಹತ್ತಿಪ್ಪತ್ತು ನಿಮಿಷದ ಮಾತು. ಕಾರು ಎಂಟು ಗಂಟೆ ಬಿಡದೆ ಎಳೆಯುತ್ತದೆ. ಹಲವು ಪೋರ್ಟಬಲ್ ಚಾರ್ಜರುಗಳ ಪ್ಲಗ್ಗಿನೊಳಗೆ ಬಿಸಿ ಅಳೆಯುವ ಸೆನ್ಸರ್ ಇರುತ್ತದೆ. ಅವರ ಮನೆಯಲ್ಲಿ ಅರ್ಧ ಗಂಟೆಗೆ ನಿಲ್ಲಿಸುತ್ತಿದ್ದದ್ದು ಅದೇ. ಗಾಡಿ ಕೆಟ್ಟಿರಲಿಲ್ಲ, ಮನೆಯನ್ನು ಕಾಪಾಡುತ್ತಿತ್ತು.

ಒಳ್ಳೆಯ 16 ಆಂಪ್ಸ್ ಇಂಡಸ್ಟ್ರಿಯಲ್ ಸಾಕೆಟ್ ಹಾಕಿ, ಮೀಟರ್ ಬೋರ್ಡಿನಿಂದ ಬೇರೆಯದೇ 4 ಸ್ಕ್ವೇರ್ ಎಂಎಂ ವೈರ್ ಎಳೆದೆ. ಅದಕ್ಕೇ ಒಂದು ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಬೀಳುವ ಸ್ವಿಚ್), ಒಂದು ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್) ಕೊಟ್ಟೆ. ಮುಗಿಯಿತು. ನೀವೂ ಮೊದಲು ಈ ಬಿಸಿ ಪರೀಕ್ಷೆ ಮಾಡಿ. ಚಾರ್ಜ್ ಹಾಕಿ ಅರ್ಧ ಗಂಟೆಯ ಮೇಲೆ ಸ್ವಿಚ್ ಆರಿಸಿ, ಪ್ಲಗ್ ಕಿತ್ತು ಪಿನ್ ಹತ್ತಿರ ಬೆರಳು ತನ್ನಿ. ಬೆಚ್ಚಗಿದ್ದರೆ ಪರವಾಗಿಲ್ಲ. ಬೆರಳು ಇಡಲು ಆಗದಿದ್ದರೆ ಸಾಕೆಟ್ ಬದಲಿಸುವ ತನಕ ಚಾರ್ಜ್ ಮಾಡಬೇಡಿ. ಎಕ್ಸ್‌ಟೆನ್ಶನ್ ಬಾಕ್ಸ್‌ನಲ್ಲಿ ಕಾರು ಚಾರ್ಜ್ ಮಾಡುವುದಂತೂ ಬೇಡವೇ ಬೇಡ.

ಎರಡನೆಯದು ವೋಲ್ಟೇಜ್. ಫೆಬ್ರವರಿ, ಮಾರ್ಚ್ ಬಂದರೆ ತೋಟಗಳಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹೊಡೆಯುತ್ತಾರೆ. ಒಂದೇ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್ ಮೇಲೆ ನಾಲ್ಕೈದು ಮೋಟಾರ್ ಓಡಿದರೆ ಮನೆಯ ಬಲ್ಬು ಮಂಕಾಗುತ್ತದೆ. ಆಗ ಚಾರ್ಜರ್ ಒಂದೋ ನಿಧಾನ ಆಗುತ್ತದೆ, ಇಲ್ಲವೇ ನಿಂತುಬಿಡುತ್ತದೆ. ಇದನ್ನು ಪರೀಕ್ಷೆ ಮಾಡುವ ಕ್ರಮ ಹೀಗೆ. ಚಾರ್ಜ್ ಹಾಕುವ ಮೊದಲು ಸಾಕೆಟ್ಟಿನಲ್ಲಿ ಫೇಸ್‌ಗೂ ನ್ಯೂಟ್ರಲ್‌ಗೂ ಎಷ್ಟಿದೆ ಬರೆದುಕೊಳ್ಳಿ. ಚಾರ್ಜ್ ಶುರುವಾದ ಮೇಲೆ ಅದೇ ಬೋರ್ಡಿನ ಪಕ್ಕದ ಸಾಕೆಟ್ಟಿನಲ್ಲಿ ಮತ್ತೆ ನೋಡಿ. ಐದಾರು ವೋಲ್ಟ್ ಇಳಿದರೆ ಸಹಜ. 225 ಇದ್ದದ್ದು 195 ಆದರೆ ಎಲ್ಲೋ ದೋಷ ಇದೆ. ಚಾರ್ಜ್ ಓಡುತ್ತಿರುವಾಗಲೇ ಎಲೆಕ್ಟ್ರಿಷಿಯನ್ ಕೈಯಲ್ಲಿ ಮೀಟರ್ ಬೋರ್ಡಿನ ಹತ್ತಿರ ಅಳೆಸಿ. ಅಲ್ಲಿ 220 ಇದ್ದು ಸಾಕೆಟ್ಟಿನಲ್ಲಿ 195 ಇದ್ದರೆ ತಪ್ಪು ನಿಮ್ಮ ಮನೆಯ ವೈರಿನದು. ಅಲ್ಲೂ 195 ಇದ್ದರೆ ಕಂಬದ ಕಡೆಯದು. ಆಗ ಹಾಸನ ಜಿಲ್ಲೆಯವರು ಸೆಸ್ಕ್‌ಗೆ, ಚಿಕ್ಕಮಗಳೂರು ಜಿಲ್ಲೆಯವರು ಮೆಸ್ಕಾಂಗೆ ಹೇಳಬೇಕು. ಎರಡಕ್ಕೂ 1912. ಬರೀ "ಲೋ ವೋಲ್ಟೇಜ್" ಅನ್ನಬೇಡಿ. ಯಾವ ಹೊತ್ತಿನಲ್ಲಿ ಎಷ್ಟು ವೋಲ್ಟ್ ಇತ್ತು ಅಂತ ಹೇಳಿ ದೂರಿನ ನಂಬರ್ ಬರೆದಿಟ್ಟುಕೊಳ್ಳಿ.

ಮನೆಯ ವೈರಿನಲ್ಲಿ ಎಷ್ಟು ಕಳೆಯುತ್ತದೆ ಅಂತ ಅಂದಾಜು ಬೇಕಾದರೆ ಹೀಗಿದೆ. ಮನೆಯಿಂದ 30 ಮೀಟರ್ ದೂರದ ಶೆಡ್ಡಿಗೆ 1 ಸ್ಕ್ವೇರ್ ಎಂಎಂ ತಾಮ್ರದ ವೈರ್ ಎಳೆದು 13 ಆಂಪ್ಸ್ ಹರಿಸಿದರೆ ದಾರಿಯಲ್ಲೇ ಸುಮಾರು 14 ವೋಲ್ಟ್ ಹೋಗುತ್ತದೆ. 2.5 ಆದರೆ ಆರು ವೋಲ್ಟ್ ಒಳಗೆ. ಲೈಟಿಗೆ ಅಂತ ಎಳೆದ ಶೆಡ್ಡಿನ ವೈರಿಗೆ ಕಾರು ಹಾಕುವವರು ಇದನ್ನು ನೆನಪಿಡಬೇಕು. ವೋಲ್ಟೇಜ್ ಇಳಿಯುವುದಕ್ಕಿಂತ ಆ ಸಣ್ಣ ವೈರು ಕಾಯುವುದೇ ದೊಡ್ಡ ಅಪಾಯ.

ಮೂರನೆಯದು ಅರ್ಥಿಂಗ್. ಕಾರಿನ ಚಾರ್ಜರ್‌ಗಳಲ್ಲಿ ಹೆಚ್ಚಿನವು ಅರ್ಥ್ ಇಲ್ಲದಿದ್ದರೆ ಕೆಂಪು ದೀಪ ತೋರಿಸಿ ಕುಳಿತುಬಿಡುತ್ತವೆ. ಹಳೆಯ ತೋಟದ ಮನೆಗಳಲ್ಲಿ ಮೂರು ಕಣ್ಣಿನ ಸಾಕೆಟ್ ಇರುತ್ತದೆ, ಮೇಲಿನ ಕಣ್ಣಿಗೆ ವೈರೇ ಇರುವುದಿಲ್ಲ. ಫೇಸ್‌ಗೂ ಅರ್ಥ್‌ಗೂ ಅಳೆದರೆ ಫೇಸ್‌ಗೂ ನ್ಯೂಟ್ರಲ್‌ಗೂ ಬಂದಷ್ಟೇ ಬರಬೇಕು. ನ್ಯೂಟ್ರಲ್‌ಗೂ ಅರ್ಥ್‌ಗೂ ಎರಡು ಮೂರು ವೋಲ್ಟ್ ಒಳಗಿರಬೇಕು. ಮಳೆಗಾಲದಲ್ಲಿ ಸರಿಯಿದ್ದ ಅರ್ಥ್ ಏಪ್ರಿಲ್‌ನಲ್ಲಿ ಕೈ ಕೊಡುತ್ತದೆ, ಏಕೆಂದರೆ ಗುಂಡಿ ಒಣಗಿರುತ್ತದೆ. ಎರಡು ಕೊಡ ನೀರು ಹೊಯ್ದು ಮತ್ತೆ ಅಳೆದು ನೋಡಿ. ಸರಿ ಹೋದರೆ ಗುಂಡಿ ಹೊಸದಾಗಿ ಮಾಡಿಸುವ ಕಾಲ ಬಂದಿದೆ ಅಂತ ತಿಳಿಯಿರಿ.

ಇಲ್ಲಿ ಒಂದು ಕೆಟ್ಟ ರೂಢಿ ಇದೆ. ಚಾರ್ಜರ್ ಅರ್ಥ್ ಕೇಳುತ್ತದೆ ಅಂತ ಸಾಕೆಟ್ ಒಳಗೆ ನ್ಯೂಟ್ರಲ್ಲಿನಿಂದ ಅರ್ಥ್ ಕಣ್ಣಿಗೆ ಒಂದು ತುಂಡು ವೈರ್ ಹಾಕಿಬಿಡುತ್ತಾರೆ. ಕೆಂಪು ದೀಪ ಹೋಗುತ್ತದೆ, ಚಾರ್ಜೂ ಆಗುತ್ತದೆ. ಆದರೆ ಗಾಳಿಗೋ ಕೊಂಬೆ ಬಿದ್ದೋ ಕಂಬದ ಮೇಲೆ ನ್ಯೂಟ್ರಲ್ ಕಡಿದ ದಿನ ಕಾರಿನ ಮೈಗೆಲ್ಲ 230 ವೋಲ್ಟ್ ಬರುತ್ತದೆ. ಒದ್ದೆ ಅಂಗಳದಲ್ಲಿ ಬರಿಗಾಲಲ್ಲಿ ಬಂದು ಬಾಗಿಲು ಮುಟ್ಟಿದವರ ಕಥೆ ಏನು? ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಕೊಂಬೆ ಬೀಳದ ವಾರ ಇದೆಯಾ? ಇಂಥ ಲೂಪ್ ಎಲ್ಲಿ ಕಂಡರೂ ನಾನು ಕೇಳದೆಯೇ ಕಿತ್ತು ಹಾಕುತ್ತೇನೆ. ನಿಮ್ಮ ಮನೆಯಲ್ಲಿ ಯಾರಾದರೂ ಹಾಗೆ ಮಾಡಿದ್ದರೆ ಇವತ್ತೇ ತೆಗೆಸಿ.

ತೋಟದ ಜನರೇಟರಿನಲ್ಲಿ ಚಾರ್ಜ್ ಆಗುವುದಿಲ್ಲ ಅನ್ನುವವರಿಗೂ ಇದೇ ಉತ್ತರ. ಚಿಕ್ಕ ಜನರೇಟರುಗಳಲ್ಲಿ ನ್ಯೂಟ್ರಲ್‌ಗೂ ನೆಲಕ್ಕೂ ಸಂಬಂಧವೇ ಇರುವುದಿಲ್ಲ. ಚಾರ್ಜರ್‌ಗೆ ಅದು ಅರ್ಥ್ ಇಲ್ಲದ ಹಾಗೇ ಕಾಣುತ್ತದೆ.

ಸ್ಕೂಟರ್ ಚಾರ್ಜರಿನ ದೀಪ

ಸ್ಕೂಟರಿನಲ್ಲಿ ದೀಪವೇ ಅರ್ಧ ಉತ್ತರ ಕೊಡುತ್ತದೆ. ಗಾಡಿಯಿಂದ ಬಿಡಿಯಾಗಿ ಬರುವ ಚಾರ್ಜರಿನಲ್ಲಿ ಕೆಂಪು ಅಂದರೆ ಚಾರ್ಜ್ ಆಗುತ್ತಿದೆ, ಹಸಿರು ಅಂದರೆ ತುಂಬಿದೆ ಅಂತ ಹೆಚ್ಚಿನವುಗಳ ಲೆಕ್ಕ. ನಿಮ್ಮದರ ಪುಸ್ತಕದಲ್ಲಿ ಒಮ್ಮೆ ನೋಡಿಕೊಳ್ಳಿ. ದೀಪವೇ ಇಲ್ಲ ಅಂದರೆ ಕರೆಂಟ್ ಚಾರ್ಜರಿಗೆ ತಲುಪಿಲ್ಲ, ಇಲ್ಲವೇ ಚಾರ್ಜರೇ ಹೋಗಿದೆ. ಅದೇ ಸಾಕೆಟ್ಟಿಗೆ ಟೇಬಲ್ ಫ್ಯಾನ್ ಹಾಕಿದರೆ ಗೊತ್ತಾಗುತ್ತದೆ. ಕೆಂಪು ಉರಿಯುತ್ತದೆ ಆದರೆ ಬೆಳಗಾದರೂ ತುಂಬುವುದಿಲ್ಲ ಅಂದರೆ ವೋಲ್ಟೇಜ್ ಕಡಿಮೆ ಇರಬಹುದು, ಚಾರ್ಜರಿನ ಫ್ಯಾನ್ ನಿಂತು ಅದು ಬಿಸಿಯಾಗಿ ತಾನೇ ನಿಧಾನ ಮಾಡಿರಬಹುದು, ಅಥವಾ ಬ್ಯಾಟರಿಯ ಸೆಲ್‌ಗಳಲ್ಲಿ ಏರುಪೇರು ಆಗಿರಬಹುದು.

ಬ್ಯಾಟರಿ ಖಾಲಿ ಇದ್ದಾಗಲೂ ಹಾಕಿದ ತಕ್ಷಣ ಹಸಿರು ಬಂದರೆ ಚಾರ್ಜರಿನಿಂದ ಬ್ಯಾಟರಿಗೆ ದಾರಿ ಕಡಿದಿದೆ ಅಂತ. ನಮ್ಮೂರಿನ ನಿವೃತ್ತ ಮೇಷ್ಟ್ರ ಸ್ಕೂಟರ್ ಹೀಗೇ ಆಗಿತ್ತು. ಹಾಸನಕ್ಕೆ ಟೆಂಪೋದಲ್ಲಿ ಹಾಕಿಕೊಂಡು ಹೋಗಿದ್ದರು. ಅಲ್ಲಿ ಬ್ಯಾಟರಿ ಹೋಗಿದೆ, ಬದಲಿಸಬೇಕು ಅಂದರಂತೆ. ಮೇಷ್ಟ್ರು ಸ್ಕೂಟರ್ ವಾಪಸ್ ತಂದು, "ನೀನೊಮ್ಮೆ ನೋಡಪ್ಪ, ನನಗೆ ಮನಸ್ಸು ಒಪ್ಪುತ್ತಿಲ್ಲ" ಅಂದರು. ಮೊದಲು ಸೀಟಿನ ಕೆಳಗಿನ ಎಂಸಿಬಿ ನೋಡಿದೆ, ಆನ್ ಇತ್ತು. ಆಮೇಲೆ ಟಾರ್ಚ್ ಹಿಡಿದು ಚಾರ್ಜಿಂಗ್ ಪಾಯಿಂಟ್ ಒಳಗೆ ನೋಡಿದೆ. ಮೂರು ಪಿನ್ನಿನಲ್ಲಿ ಎರಡು ಒಂದೇ ಮಟ್ಟಕ್ಕೆ ನಿಂತಿದ್ದವು. ಮೂರನೆಯದು ಭತ್ತದ ಕಾಳಿನಷ್ಟು ಒಳಗೆ ಸರಿದಿತ್ತು. ಅದರ ಬುಡದಲ್ಲಿ ಹಸಿರು ಕಿಲುಬು. ಮಳೆಗಾಲವೆಲ್ಲ ಜಗುಲಿಯಲ್ಲಿ ನಿಂತ ಗಾಡಿ ಅದು. ಚಾರ್ಜರ್ ಸಿಕ್ಕಿಸಿದಾಗಲೆಲ್ಲ ಆ ಪಿನ್ ಹಿಂದೆ ಹೋಗುತ್ತಿತ್ತು, ಮುಟ್ಟುತ್ತಲೇ ಇರಲಿಲ್ಲ. ನಾನು ಅದನ್ನು ಎಳೆದು ಸರಿ ಮಾಡಲಿಲ್ಲ. ಫೋಟೋ ತೆಗೆದು, ಗೆರೆ ಹಾಕಿ ತೋರಿಸಿ ಕಳಿಸಿದೆ. ವಾರಂಟಿಯಲ್ಲೇ ಸಾಕೆಟ್ ಬದಲಾಯಿತು. ಬ್ಯಾಟರಿ ಹಳೆಯದೇ ಇದೆ, ಇವತ್ತಿಗೂ ಓಡುತ್ತಿದೆ.

ಸಡಿಲ ಕನೆಕ್ಟರ್ ಚಿಕ್ಕ ವಿಷಯ ಅಂದುಕೊಳ್ಳಬೇಡಿ. 2022ರ ಏಪ್ರಿಲ್‌ನಲ್ಲಿ ಓಕಿನಾವಾ ಕಂಪನಿ ತನ್ನ ಪ್ರೈಸ್ ಪ್ರೊ ಸ್ಕೂಟರಿನ 3,215 ಗಾಡಿಗಳನ್ನು ವಾಪಸ್ ಕರೆಸಿದ್ದು ಬ್ಯಾಟರಿಯಲ್ಲಿ ಕನೆಕ್ಟರ್ ಸಡಿಲ ಇದೆಯಾ, ಏನಾದರೂ ಹಾನಿ ಆಗಿದೆಯಾ ಅಂತ ನೋಡಲಿಕ್ಕೇ.

ಮೀಟರ್ ಇರುವವರಿಗೆ ಒಂದು ಎಚ್ಚರಿಕೆ. ಚಾರ್ಜರಿನ ಔಟ್‌ಪುಟ್ ತುದಿಯಲ್ಲಿ ಅಳೆದಾಗ ಸೊನ್ನೆ ಬಂದರೆ ಚಾರ್ಜರ್ ಸತ್ತಿದೆ ಅಂತ ಹೇಳಿಬಿಡಬೇಡಿ. ಹಳೆಯ ಸಾದಾ ಚಾರ್ಜರ್ ಆದರೆ ಮೈಮೇಲೆ ಬರೆದ ವೋಲ್ಟೇಜ್ ಕೊಡಬೇಕು. 54.6 ಅಂತಿದ್ದರೆ ಹತ್ತಿರ ಹತ್ತಿರ ಅಷ್ಟೇ ಬರಬೇಕು. ಹೊಸ ಚಾರ್ಜರುಗಳಲ್ಲಿ ಹಲವು ಗಾಡಿಯ ಜೊತೆ ಮಾತಾಡಿಕೊಂಡ ಮೇಲಷ್ಟೇ ಕರೆಂಟ್ ಬಿಡುತ್ತವೆ. ಅವುಗಳಿಗೆ ಅದೇ ಮಾಡೆಲ್‌ನ ಇನ್ನೊಂದು ಸ್ಕೂಟರ್ ಹುಡುಕಿ, ಚಾರ್ಜರ್ ಅದಲು ಬದಲು ಮಾಡಿ ನೋಡುವುದೇ ಸರಿಯಾದ ಪರೀಕ್ಷೆ. ಬೇರೆ ಮಾಡೆಲ್‌ನ ಚಾರ್ಜರ್, ಪಿನ್ ಕೂತರೂ ಹಾಕಬೇಡಿ.

ಕಾರಿನಲ್ಲಿ ಎರಡು ಬ್ಯಾಟರಿ

ಕಾರಿಗೂ ಮೊದಲ ಪರೀಕ್ಷೆ ಜಾಗ ಬದಲಿಸುವುದೇ. ನಿಮ್ಮ ಮನೆಯಲ್ಲಿ ಆಗದ್ದು ಬಾವನ ಮನೆಯಲ್ಲಿ ಆದರೆ ದೋಷ ನಿಮ್ಮ ಗೋಡೆಯದು. ಎರಡೂ ಕಡೆ ಆಗದಿದ್ದರೆ ಹೈವೇ ಬದಿಯ ಫಾಸ್ಟ್ ಚಾರ್ಜರಿಗೆ ಹೋಗಿ. ಅಲ್ಲಿ ಸಿಗುವ ಉತ್ತರ ಬಹಳ ಬೆಲೆಯುಳ್ಳದ್ದು. ಮನೆಯ ಕರೆಂಟ್ ಎಸಿ. ಅದನ್ನು ಡಿಸಿ ಮಾಡಿ ಬ್ಯಾಟರಿಗೆ ಕೊಡುವುದು ಕಾರಿನೊಳಗಿನ ಆನ್‌ಬೋರ್ಡ್ ಚಾರ್ಜರ್. ಫಾಸ್ಟ್ ಚಾರ್ಜರ್ ನೇರ ಡಿಸಿಯನ್ನೇ ಕೊಡುವುದರಿಂದ ಆನ್‌ಬೋರ್ಡ್ ಚಾರ್ಜರನ್ನು ದಾಟಿ ಹೋಗುತ್ತದೆ. ಹಾಗಾಗಿ ಮನೆಯಲ್ಲಿ, ಬಾವನ ಮನೆಯಲ್ಲಿ ಆಗದೆ ಫಾಸ್ಟ್ ಚಾರ್ಜ್ ಮಾತ್ರ ಆದರೆ ಅನುಮಾನ ಆನ್‌ಬೋರ್ಡ್ ಚಾರ್ಜರ್ ಮೇಲೆ, ನಿಮ್ಮ ಪೋರ್ಟಬಲ್ ಕೇಬಲ್ ಮೇಲೆ, ಇಲ್ಲವೇ ಎಸಿ ಪಿನ್ನುಗಳ ಮೇಲೆ. ಎರಡೂ ಆಗದಿದ್ದರೆ ಬ್ಯಾಟರಿಯ ಕಂಟ್ರೋಲ್, ಕಾಂಟ್ಯಾಕ್ಟರ್, ಅಥವಾ 12 ವೋಲ್ಟ್ ಬ್ಯಾಟರಿ.

ಕಾಂಟ್ಯಾಕ್ಟರ್ ಅಂದರೆ ದೊಡ್ಡ ಬ್ಯಾಟರಿಯನ್ನು ಜೋಡಿಸುವ, ಬಿಡಿಸುವ ಸ್ವಿಚ್. ನಮ್ಮ ಪಂಪ್‌ಸೆಟ್ ಸ್ಟಾರ್ಟರಿನಲ್ಲಿ ಇರುವುದರ ಅಣ್ಣ ತಮ್ಮ. ಚಾರ್ಜರ್ ಸಿಕ್ಕಿಸಿದ ಮೇಲೆ ಗಾಡಿಯ ತಳದಿಂದ ಟಕ್ ಅನ್ನುವ ಸದ್ದು ಕೇಳುತ್ತದಲ್ಲ, ಅದೇ. ಸ್ಟಾರ್ಟರಿನ ಪಾಯಿಂಟ್ ಸುಟ್ಟು ಅಂಟಿಕೊಳ್ಳುವ ಹಾಗೆ ಇದಕ್ಕೂ ಆಗಬಹುದು. ಅಮೆರಿಕದಲ್ಲಿ ಫೋರ್ಡ್ ಕಂಪನಿ 2022ರ ಜೂನ್‌ನಲ್ಲಿ 48,924 ಮಸ್ಟಾಂಗ್ ಮಾಕ್-ಇ ಕಾರುಗಳಿಗೆ ರೀಕಾಲ್ ಹಾಕಿದ್ದು, ಅಂದರೆ ದೋಷ ಸರಿಪಡಿಸಲು ವಾಪಸ್ ಕರೆಸಿದ್ದು ಇದಕ್ಕೇ. ಫಾಸ್ಟ್ ಚಾರ್ಜ್ ಮಾಡುವಾಗ, ಮತ್ತೆ ಮತ್ತೆ ಪೆಡಲ್ ಪೂರ್ತಿ ಒತ್ತಿ ಓಡಿಸುವಾಗ ಕಾಂಟ್ಯಾಕ್ಟರ್ ಕಾದು ಹಾಳಾಗುತ್ತಿತ್ತು.

ಟಕ್ ಸದ್ದು ಕೇಳದಿದ್ದರೆ ನಾನು ಮೊದಲು 12 ವೋಲ್ಟ್ ಬ್ಯಾಟರಿ ನೋಡುತ್ತೇನೆ. ಎಷ್ಟೋ ಜನಕ್ಕೆ ಎಲೆಕ್ಟ್ರಿಕ್ ಕಾರಿನಲ್ಲೂ ಮಾಮೂಲಿ ಬ್ಯಾಟರಿ ಒಂದಿದೆ ಅಂತಲೇ ಗೊತ್ತಿಲ್ಲ. ಲೈಟು, ಲಾಕು, ಕಂಪ್ಯೂಟರು, ಆ ಕಾಂಟ್ಯಾಕ್ಟರನ್ನು ಎಳೆಯುವ ಕಾಯಿಲು, ಎಲ್ಲ ನಡೆಯುವುದು ಅದರಿಂದ. ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಕದಲುವುದಿಲ್ಲ. ಡೀಸೆಲ್ ಕಾರಿನಲ್ಲಿ ಅದನ್ನು ಆಲ್ಟರ್ನೇಟರ್ ಚಾರ್ಜ್ ಮಾಡುತ್ತದೆ. ಇಲ್ಲಿ ಆ ಕೆಲಸ ದೊಡ್ಡ ಬ್ಯಾಟರಿಯ ವೋಲ್ಟೇಜ್ ಇಳಿಸಿ ಕೊಡುವ ಡಿಸಿ-ಡಿಸಿ ಕನ್ವರ್ಟರ್‌ದು.

ಮೂಡಿಗೆರೆ ಕಡೆಯ ಗೌಡರೊಬ್ಬರು ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಕಾರು ತಂದಿದ್ದರು. ಒಂದು ಸಂಜೆ ಕೊಟ್ಟಿಗೆಹಾರ ದಾಟಿ ಬರುವಾಗ ಟಪ್ ಅಂತ ಒಂದು ಸದ್ದು. ಡ್ಯಾಶ್‌ಬೋರ್ಡಿನಲ್ಲಿ ಎಲೆಕ್ಟ್ರಿಕ್ ಸಿಸ್ಟಮ್ ಚೆಕ್ ಮಾಡಿಸಿ ಅಂತ ಬಂತು. ಸ್ವಲ್ಪ ದೂರ ನಿಧಾನಕ್ಕೆ ಓಡಿ ಕಾರು ನಿಂತೇ ಹೋಯಿತು. ಮಂಜು, ಕತ್ತಲೆ, ಹೆಂಗಸರು ಮಕ್ಕಳು ಒಳಗೆ. ಹಿಂದಿನ ಲೈಟೂ ಮಂಕಾಗುತ್ತಾ ಬಂತು. ಆ ರಸ್ತೆಯಲ್ಲಿ ರಾತ್ರಿ ಲೈಟಿಲ್ಲದೆ ನಿಂತ ಗಾಡಿ ಅಂದರೆ ಏನು ಅಂತ ಈ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಾರನೆಯ ದಿನ ಯಾರೋ ಜಂಪ್ ಕೊಟ್ಟರು, ಓಡಿತು. "ಬ್ಯಾಟರಿ ಹಳೇದಾಗಿದೆ ಗೌಡ್ರೇ" ಅಂತ ಹೊಸ 12 ವೋಲ್ಟ್ ಬ್ಯಾಟರಿ ಹಾಕಿಸಿದರು. ಎರಡು ದಿನಕ್ಕೆ ಅದೂ ಖಾಲಿ.

ನಾನು ಹೋದಾಗ ಮೀಟರ್ ಇಟ್ಟು ನೋಡಿದ್ದು ಇಷ್ಟೇ. ಕಾರು ಆಫ್ ಇದ್ದಾಗ 12.3. ರೆಡಿಗೆ, ಅಂದರೆ ಓಡಲು ಸಿದ್ಧ ಇರುವ ಸ್ಥಿತಿಗೆ ತಂದೆವು. ಅದು ಏರಲೇ ಇಲ್ಲ. 12.1 ಆಯಿತು. ಹೆಡ್‌ಲೈಟ್ ಹಾಕಿಸಿದೆ, 11.9. ಐದು ನಿಮಿಷ ಬಿಟ್ಟು 11.7. ಅಲ್ಲಿಗೆ ತಿಳಿಯಿತು. ಬ್ಯಾಟರಿಗೆ ಯಾರೂ ಊಟ ಹಾಕುತ್ತಿಲ್ಲ, ಅದು ಬರೀ ಖರ್ಚಾಗುತ್ತಿದೆ.

ಈ ಪರೀಕ್ಷೆಯನ್ನು ಎಲ್ಲ ಎಲೆಕ್ಟ್ರಿಕ್ ಕಾರಿನವರೂ ಕಲಿತುಕೊಳ್ಳಬೇಕು ಅಂತ ನನ್ನ ಆಸೆ. ರಾತ್ರಿಯೆಲ್ಲ ನಿಂತ ಕಾರಿನಲ್ಲಿ 12.4ರ ಮೇಲಿದ್ದರೆ ಬ್ಯಾಟರಿ ಚೆನ್ನಾಗಿದೆ. ರೆಡಿಗೆ ತಂದ ಮೇಲೆ ಸಾಮಾನ್ಯವಾಗಿ 13.5ರಿಂದ 14.7ರ ನಡುವೆ ಬರಬೇಕು. ಕೆಲವು ಕಾರುಗಳು ಚಿಕ್ಕ ಬ್ಯಾಟರಿ ತುಂಬಿದ್ದರೆ ಸ್ವಲ್ಪ ಇಳಿಸುತ್ತವೆ. ಅದಕ್ಕೆ ಒಂದೇ ಸಲ ನೋಡಿ ಹೇಳಬೇಡಿ. ಹೆಡ್‌ಲೈಟ್, ಎಸಿ ಫ್ಯಾನ್ ಹಾಕಿ ಹತ್ತು ನಿಮಿಷ ನೋಡಿ. ಏರಿ ನಿಂತರೆ ಸರಿ. ಇಳಿಯುತ್ತಲೇ ಹೋದರೆ ಕನ್ವರ್ಟರ್ ಕೆಲಸ ಮಾಡುತ್ತಿಲ್ಲ. ಆಗ ಎಷ್ಟು ಹೊಸ ಬ್ಯಾಟರಿ ತಂದರೂ ಉಪಯೋಗವಿಲ್ಲ. ಆ ಕಾರನ್ನು ಘಾಟಿಗೆ ಇಳಿಸಬೇಡಿ. ಸರ್ವಿಸ್ ಸೆಂಟರ್‌ಗೆ ಸಾಗಿಸುವಾಗಲೂ ನಾಲ್ಕೂ ಚಕ್ರ ಮೇಲಿರುವಂತೆ ಫ್ಲಾಟ್‌ಬೆಡ್ ಲಾರಿಯಲ್ಲೇ ಹಾಕಿಸಿ. ಹಗ್ಗ ಕಟ್ಟಿ ಎಳೆದರೆ ಚಕ್ರದ ಜೊತೆ ಮೋಟಾರೂ ತಿರುಗಿ ಕರೆಂಟ್ ಹುಟ್ಟುತ್ತದೆ, ಇನ್ನೂ ಏನೇನೋ ಸುಡುತ್ತದೆ.

ಚಾಸಿಸ್ ನಂಬರ್ ಹಿಡಿದು ರೀಕಾಲ್ ಹುಡುಕುವುದು

ಗೌಡರ ಕಾರಿನ ಲಕ್ಷಣ ಜಗತ್ತಿಗೆ ಹೊಸದಲ್ಲ. ಹ್ಯುಂಡೈ, ಕಿಯಾದ ಕೆಲವು ಎಲೆಕ್ಟ್ರಿಕ್ ಕಾರುಗಳಲ್ಲಿ ಆನ್‌ಬೋರ್ಡ್ ಚಾರ್ಜರನ್ನೂ ಡಿಸಿ-ಡಿಸಿ ಕನ್ವರ್ಟರನ್ನೂ ಒಂದೇ ಡಬ್ಬಿಯಲ್ಲಿ ಇಟ್ಟಿದ್ದಾರೆ. ಅದಕ್ಕೆ ಐಸಿಸಿಯು ಅನ್ನುತ್ತಾರೆ. ಒಳಗಿನ ಟ್ರಾನ್ಸಿಸ್ಟರುಗಳು ವೋಲ್ಟೇಜ್ ಏಟಿಗೆ, ಕಾಯುವುದು ಆರುವುದರಿಂದ ಹಾಳಾಗಿ, 12 ವೋಲ್ಟ್ ಬ್ಯಾಟರಿಗೆ ಚಾರ್ಜ್ ನಿಂತುಹೋಗಬಹುದು. ಕೊನೆಗೆ ಕಾರು ಓಡುತ್ತಲೇ ಶಕ್ತಿ ಕಳೆದುಕೊಳ್ಳಬಹುದು. ಭಾರತದಲ್ಲಿ 2024ರ ಜೂನ್‌ನಲ್ಲಿ ಹ್ಯುಂಡೈ 1,744 ಅಯಾನಿಕ್ 5 ಕಾರುಗಳಿಗೆ ಇದಕ್ಕಾಗಿ ರೀಕಾಲ್ ಹಾಕಿತು. 2022ರ ಜುಲೈ 21ರಿಂದ 2024ರ ಏಪ್ರಿಲ್ 30ರೊಳಗೆ ತಯಾರಾದವು ಅವು. ಮರು ತಿಂಗಳು ಕಿಯಾ 1,138 ಇವಿ6 ಕಾರುಗಳನ್ನು ಕರೆಸಿತು. 2025ರ ಫೆಬ್ರವರಿಯಲ್ಲಿ ಮತ್ತೆ ಅದೇ ಐಸಿಸಿಯು ಸಾಫ್ಟ್‌ವೇರ್‌ಗಾಗಿ 1,380 ಇವಿ6 ಕರೆಸಿತು. ಅಮೆರಿಕದಲ್ಲೂ ಹಾಗೇ. 2024ರ ಮಾರ್ಚ್‌ನಲ್ಲಿ ಒಮ್ಮೆ ಕರೆಸಿ, ನವೆಂಬರ್‌ನಲ್ಲಿ ಹ್ಯುಂಡೈ ಮತ್ತು ಅದರ ಜೆನೆಸಿಸ್ ಬ್ರ್ಯಾಂಡಿನ 1,45,235 ಕಾರುಗಳನ್ನು ಮತ್ತೊಮ್ಮೆ ಕರೆಸಿದರು. ಮೊದಲ ಸಲ ಬಂದು ಹೋದವರೂ ಮತ್ತೆ ಬರಬೇಕಾಯಿತು.

ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, "ನನ್ನ ಕಾರಿಗೆ ಹೋದ ವರ್ಷವೇ ಅಪ್‌ಡೇಟ್ ಹಾಕಿಸಿದೆ" ಅಂತ ನಿಶ್ಚಿಂತೆಯಿಂದ ಇರುವವರು ಜಾಸ್ತಿ. ಅಪ್‌ಡೇಟ್ ಒಂದು ಮದ್ದು ಅಷ್ಟೇ. ಒಳಗಿನ ಬಿಡಿಭಾಗ ಆಗಲೇ ಅರ್ಧ ಸುಟ್ಟಿದ್ದರೆ ಸಾಫ್ಟ್‌ವೇರ್ ಅದನ್ನು ಹೊಸದು ಮಾಡುವುದಿಲ್ಲ. ಅಪ್‌ಡೇಟ್ ಆದ ಮೇಲೂ 12 ವೋಲ್ಟ್ ಪರೀಕ್ಷೆ ತಿಂಗಳಿಗೊಮ್ಮೆ ಮಾಡಿ.

ನಿಮ್ಮ ಗಾಡಿಗೆ ರೀಕಾಲ್ ಇದೆಯಾ ನೋಡಲು ಆರ್‌ಸಿಯಲ್ಲಿರುವ 17 ಅಕ್ಷರ ಅಂಕಿಗಳ ಚಾಸಿಸ್ ನಂಬರ್ ಬೇಕು. ಸಾಮಾನ್ಯವಾಗಿ ಕಂಪನಿಯ ವೆಬ್‌ಸೈಟಿನಲ್ಲೇ ಹಾಕಿ ನೋಡಬಹುದು. ಸಿಯಾಮ್ ಅನ್ನುವ ವಾಹನ ತಯಾರಕರ ಸಂಘದ ಜಾಲತಾಣದಲ್ಲಿ ಕಂಪನಿಗಳು ತಾವಾಗಿ ಹಾಕಿದ ರೀಕಾಲ್‌ಗಳ ಪಟ್ಟಿ ಇದೆ. ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿದರೆ "ರೀಕಾಲ್ ಇದೆಯಾ" ಅಂತ ಮಾತ್ರ ಕೇಳಬೇಡಿ. "ಸರ್ವಿಸ್ ಕ್ಯಾಂಪೇನ್ ಏನಾದರೂ ಬಾಕಿ ಇದೆಯಾ" ಅಂತಲೂ ಕೇಳಿ. ಒಂದೇ ಥರದ ಕೆಲಸವನ್ನು ಬೇರೆ ಹೆಸರಿನಲ್ಲೂ ಮಾಡುತ್ತಾರೆ. ಸೆಕೆಂಡ್ ಹ್ಯಾಂಡ್ ಕೊಂಡವರು ತಪ್ಪದೆ ಕೇಳಬೇಕು. ಕಂಪನಿಯ ಪುಸ್ತಕದಲ್ಲಿ ಮೊದಲ ಮಾಲೀಕರ ಫೋನ್ ನಂಬರೇ ಉಳಿದಿರುತ್ತದೆ, ಸಂದೇಶ ಅವರಿಗೇ ಹೋಗುತ್ತದೆ. ಗೌಡರ ಕಾರಿಗೆ ರೀಕಾಲ್ ಬಂದು ಎಷ್ಟೋ ತಿಂಗಳಾಗಿತ್ತು. ಅವರಿಗೆ ಒಂದು ಸಂದೇಶವೂ ಬಂದಿರಲಿಲ್ಲ.

ಕಾನೂನೂ ನಮ್ಮ ಕಡೆ ಇದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದು 110ಎ ಅನ್ನುವ ಕಲಂ ಸೇರಿಸಿದರು. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಏಳು ವರ್ಷದೊಳಗಿನ ಗಾಡಿಗಳಿಗೆ ಅನ್ವಯ. ದೋಷ ಜನರಿಗೆ ಅಪಾಯ ತರುವಂಥದ್ದಾದರೆ ಸರ್ಕಾರವೇ ಕಂಪನಿಗೆ ರೀಕಾಲ್ ಮಾಡು ಅಂತ ಹೇಳಬಹುದು. 10 ಲಕ್ಷದಿಂದ 1 ಕೋಟಿ ರೂಪಾಯಿ ತನಕ ದಂಡವೂ ಇದೆ. ಇದರಲ್ಲಿ ನಮಗೆ ಮುಖ್ಯವಾದದ್ದು ಏನೆಂದರೆ, ಎಷ್ಟು ಗಾಡಿ ಮಾರಿದ್ದಾರೆ, ಅದರಲ್ಲಿ ಎಷ್ಟು ಮಾಲೀಕರು ದೂರು ಕೊಟ್ಟಿದ್ದಾರೆ ಅನ್ನುವ ಲೆಕ್ಕ ನೋಡುತ್ತಾರೆ. ಪರಿವಾಹನ್ ಜಾಲತಾಣದಲ್ಲಿ ದೂರು ಹಾಕಬಹುದು. ನಾವು ಹಾಸನದ ಶೋರೂಮಿನಲ್ಲಿ ಜಗಳ ಮಾಡಿ ಬಂದರೆ ಅದು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ದೂರು ಹಾಕಿದರೆ ಸೇರುತ್ತದೆ. ರೀಕಾಲ್ ಕೆಲಸಕ್ಕೆ ದುಡ್ಡು ಕೇಳಿದರೆ ಅಥವಾ ತಿಂಗಳುಗಟ್ಟಲೆ ಅಲೆದಾಡಿಸಿದರೆ 1915, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಶೋರೂಮಿಗೆ ಒಯ್ಯುವ ಹಾಳೆ

ಗೌಡರಿಗೆ ನಾನು ಬರೆದುಕೊಟ್ಟ ಹಾಳೆಯಲ್ಲಿ ಇದ್ದದ್ದು ಹೀಗೆ. ಮೇಲೆ ಚಾಸಿಸ್ ನಂಬರ್, ಓಡಿದ ಕಿಲೋಮೀಟರ್. ಕಾರು ನಿಂತ ದಿನ, ಹೊತ್ತು, ಟಪ್ ಸದ್ದು ಯಾವ ಕಡೆಯಿಂದ ಕೇಳಿತು, ಪರದೆಯ ಮೇಲೆ ಬಂದ ಮಾತು ಅಕ್ಷರಶಃ. ಮನೆಯ ಸಾಕೆಟ್ಟಿನ ಮೂರು ಅಳತೆ: ಫೇಸ್ ನ್ಯೂಟ್ರಲ್ 226, ಫೇಸ್ ಅರ್ಥ್ 225, ನ್ಯೂಟ್ರಲ್ ಅರ್ಥ್ 1.2. ಕೆಳಗೆ 12 ವೋಲ್ಟ್ ಬ್ಯಾಟರಿಯ ನಾಲ್ಕು ಅಳತೆ, ಪ್ರತಿಯೊಂದರ ಮುಂದೆ ಗಂಟೆ ನಿಮಿಷ. ಮೀಟರಿನ ಮುಖ ಕಾಣುವಂತೆ ಮೊಬೈಲಿನಲ್ಲಿ ವಿಡಿಯೋ. ಎರರ್ ಬಂದಾಗಲೇ ಫೋಟೋ ತೆಗೆಯುವುದು ಮುಖ್ಯ. ಎಷ್ಟೋ ಎರರ್‌ಗಳು ಆಫ್ ಮಾಡಿ ಆನ್ ಮಾಡಿದರೆ ಪರದೆಯಿಂದ ಹೋಗಿಬಿಡುತ್ತವೆ. ಸರ್ವಿಸ್ ಸೆಂಟರಿನಲ್ಲಿ ಜಾಬ್ ಕಾರ್ಡ್ ಬರೆಯುವಾಗ "ಜನರಲ್ ಚೆಕಪ್" ಅಂತ ಬರೆದರೆ ಒಪ್ಪಬೇಡಿ. ನೀವು ಹೇಳಿದ ದೋಷವನ್ನೇ ಬರೆಸಿ, ಪ್ರತಿ ಇಸಿದುಕೊಳ್ಳಿ.

ಸರ್ವಿಸ್ ಸೆಂಟರಿನವರು ಮೊದಲು ಬರೀ ಸಾಫ್ಟ್‌ವೇರ್ ಹಾಕಿ ಕಳಿಸುತ್ತೇವೆ ಅಂದರು. ಗೌಡರು ಹಾಳೆ ಮುಂದಿಟ್ಟು, "ರೆಡಿಯಲ್ಲಿ 11.7 ಇದೆ, ನೀವೇ ಅಳೆದು ನೋಡಿ" ಅಂದರು. ಅವರೂ ಅಳೆದರು. ಬಿಡಿಭಾಗ ಬರಲು ಐದು ವಾರ ಹಿಡಿಯಿತು. ದುಡ್ಡು ತೆಗೆದುಕೊಳ್ಳಲಿಲ್ಲ.

ಕಾರು ಕೈಗೆ ಬಂದ ದಿನ ಅಲ್ಲೇ ಸರ್ವಿಸ್ ಸೆಂಟರಿನ ಅಂಗಳದಲ್ಲಿ ಮೂರು ಕೆಲಸ ಮಾಡಿ. ರೆಡಿಗೆ ತಂದು, ಹೆಡ್‌ಲೈಟ್ ಹಾಕಿ ಹತ್ತು ನಿಮಿಷ 12 ವೋಲ್ಟ್ ಬ್ಯಾಟರಿ ಅಳೆಯಿರಿ. ಅವರದೇ ಎಸಿ ಚಾರ್ಜರಿಗೆ ಕಾಲು ಗಂಟೆ ಹಾಕಿಸಿ, ಟಕ್ ಸದ್ದು ಕೇಳಿ, ಪರದೆಯಲ್ಲಿ ಕಿಲೋವ್ಯಾಟ್ ನೋಡಿ. ಬದಲಿಸಿದ ಭಾಗದ ನಂಬರ್ ಜಾಬ್ ಕಾರ್ಡಿನಲ್ಲಿ ಇದೆಯಾ ನೋಡಿ. ಗೌಡರು ಫೋನಿನಲ್ಲಿ ಕೇಳುತ್ತಾ ಹೋದರು, ನಾನು ಬೇಲೂರಿನಿಂದ ಹೇಳುತ್ತಾ ಹೋದೆ. "ಎಷ್ಟಿದೆ ಗೌಡ್ರೇ?" ಅಂದೆ. "14.2," ಅಂದರು. ಹತ್ತು ನಿಮಿಷ ಬಿಟ್ಟು ಅವರೇ ಮತ್ತೆ ಫೋನ್ ಮಾಡಿದರು. ಆಗಲೂ 14.2.